ಅಪ್ಪನ ಅಕ್ಷರ, ಮಗಳ ತೋಳು: ಹಚ್ಚೆಯ ಬಗ್ಗೆ ಒಂದು ಸಭೆಯ ಪ್ರಕರಣ ಅಧ್ಯಯನ

ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ನಡೆದದ್ದು ಇದು. ಹಚ್ಚೆ ಹಾಕಿಸಿಕೊಳ್ಳುವುದು ಪಾಪವೋ ಅಲ್ಲವೋ ಅಂತ ಶುರುವಾದ ಮಾತು ಏಳು ತಿಂಗಳು ಎಳೆಯಿತು. ಆಗ ನಾನು ಸಭಾ ಹಿರಿಯರಲ್ಲಿ ಒಬ್ಬ. ಯಾವುದಾದರೂ ಮನೆಯಲ್ಲಿ ಮಾತು ಕೆಟ್ಟರೆ ಹೋಗಿ ಕೂತು ಕೇಳುವ ಕೆಲಸ ಸಾಮಾನ್ಯವಾಗಿ ನನ್ನ ಪಾಲಿಗೆ ಬರುತ್ತಿತ್ತು. ತಾಯಿ, ಮಗಳು ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ನಾವು ಎಡವಿದ ಜಾಗಗಳನ್ನು ಮಾತ್ರ ಬದಲಿಸಿಲ್ಲ.

ಹಿನ್ನೆಲೆ

ಮಗಳಿಗೆ ಆಗ 26 ವರ್ಷ. ವಾರವೆಲ್ಲ ಕೆಲಸ, ಭಾನುವಾರ ಸಂಡೇ ಸ್ಕೂಲಿನಲ್ಲಿ ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಪಾಠ. ತಂದೆ ತೀರಿಕೊಂಡು ಒಂದು ವರ್ಷವಾಗಿತ್ತು. ಹನ್ನೊಂದು ತಿಂಗಳು ಕಾಯಿಲೆಯಲ್ಲಿದ್ದು ಹೋದರು. ಮಾತು ಕಡಿಮೆಯ ಮನುಷ್ಯ. ಪತ್ರ ಬರೆಯುವವರಲ್ಲ, ಫೋನಿನಲ್ಲೂ ಎರಡು ಮಾತಿಗೆ ಜಾಸ್ತಿ ಆಡುವವರಲ್ಲ. ಮಗಳು ದೀಕ್ಷಾಸ್ನಾನ ತೆಗೆದುಕೊಂಡ ದಿನ ಅವಳಿಗೊಂದು ಸತ್ಯವೇದ (ಬೈಬಲ್) ಕೊಟ್ಟಿದ್ದರು. ಅದರ ಮೊದಲ ಖಾಲಿ ಹಾಳೆಯಲ್ಲಿ ಒಂದೇ ಒಂದು ಪದ ಬರೆದಿದ್ದರು: ‘ಹೆದರಬೇಡ’. ಕೆಳಗೆ ಯೆಶಾಯ 41:10 ಅಂತ ಅಧ್ಯಾಯ, ವಚನ.

ಆ ಹಾಳೆಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಬಾಲ್ ಪೆನ್ನಿನ ನೀಲಿ ಶಾಯಿ. ಪೆನ್ನನ್ನು ಒತ್ತಿ ಬರೆಯುವ ಅಭ್ಯಾಸ ಅವರದು. ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬೆರಳಾಡಿಸಿದರೆ ಅಕ್ಷರಗಳು ಉಬ್ಬಿಕೊಂಡಿರುವುದು ಗೊತ್ತಾಗುತ್ತದೆ. ಕೊನೆಯ ‘ಡ’ ಒಂಚೂರು ಡೊಂಕು, ಪಕ್ಕಕ್ಕೆ ವಾಲಿ ನಿಂತ ಹಾಗೆ.

ಆದರೆ ಮಗಳು ಹಚ್ಚೆ ಹಾಕಿಸಿಕೊಳ್ಳಬೇಕೆಂದಿದ್ದದ್ದು ಆ ಪದವನ್ನಲ್ಲ. ಅದು ಆಮೇಲಿನ ಕಥೆ.

ಸಮಸ್ಯೆ ಎದ್ದದ್ದು ಹೇಗೆ

ಒಂದು ದಿನ ತಾಯಿಗೆ ಮಗಳ ಚೀಲದಲ್ಲಿ ಒಂದು ಚಿತ್ರದ ಹಾಳೆ ಸಿಕ್ಕಿತು. ತಂದೆಯ ಹೆಸರು, ಅದರ ಕೆಳಗೆ ಅವರು ತೀರಿಕೊಂಡ ತಾರೀಖು, ಸುತ್ತ ಮುಳ್ಳಿನ ಬಳ್ಳಿ. ಪಕ್ಕದಲ್ಲಿ ಅಳತೆ. ಭುಜದಿಂದ ಮೊಣಕೈವರೆಗೆ ಬರುವಷ್ಟು ದೊಡ್ಡದು. ತಾಯಿ ಮಗಳನ್ನು ಏನೂ ಕೇಳಲಿಲ್ಲ. ನೇರವಾಗಿ ಅಯ್ಯನವರ, ಅಂದರೆ ಸಭಾಪಾಲಕರ, ಹತ್ತಿರ ಹೋದರು. ಅಯ್ಯನವರು ಮಗಳನ್ನು ಕರೆಸಿದರು. ಒಂದೇ ವಾರದಲ್ಲಿ ವಿಷಯ ಹಿರಿಯರ ಸಭೆಗೆ ಬಂತು. ‘ಮಕ್ಕಳಿಗೆ ಪಾಠ ಹೇಳುವವಳು ಹೀಗೆ ಮಾಡಬಹುದಾ?’ ಅನ್ನುವುದು ಅಲ್ಲಿನ ಪ್ರಶ್ನೆ.

ಇಲ್ಲೇ ಮೊದಲ ತಪ್ಪು ಆಗಿಹೋಗಿತ್ತು. ಒಂದೇ ಮನೆಯಲ್ಲಿ ಇರುವ ಇಬ್ಬರು ಒಬ್ಬರಿಗೊಬ್ಬರು ಆಡಬೇಕಾದ ಮಾತು, ಅವರಿಬ್ಬರೂ ಆಡುವ ಮೊದಲೇ ಹನ್ನೆರಡು ಜನರ ಬಾಯಲ್ಲಿತ್ತು.

ಮೊದಲ ಪ್ರಯತ್ನ: ವಚನ

ಅಯ್ಯನವರು ಸತ್ಯವೇದದ ಹಳೆ ಒಡಂಬಡಿಕೆಯಲ್ಲಿರುವ ಯಾಜಕಕಾಂಡ 19:28 ತೆರೆದರು. ಸತ್ತವರಿಗಾಗಿ ದೇಹವನ್ನು ಗಾಯ ಮಾಡಿಕೊಳ್ಳಬಾರದು, ಮೈಮೇಲೆ ಹಚ್ಚೆ ಚುಚ್ಚಿಸಿಕೊಳ್ಳಬಾರದು ಅಂತ ಅಲ್ಲಿದೆ. ಮಗಳು ಓದಿದಳು. ಓದಿ, ‘ಇದರ ಹಿಂದಿನ ವಚನಾನೂ ಓದ್ತೀರಾ ಅಯ್ಯನವರೇ?’ ಅಂದಳು. 27ನೇ ವಚನದಲ್ಲಿ ತಲೆಕೂದಲಿನ ಸುತ್ತ ಕತ್ತರಿಸಬಾರದು, ಗಡ್ಡದ ಅಂಚು ಕೆಡಿಸಬಾರದು ಅಂತಿದೆ. ಅಯ್ಯನವರ ಗಡ್ಡ ಅಂದಿನ ಬೆಳಿಗ್ಗೆಯೇ ಟ್ರಿಮ್ ಆಗಿತ್ತು. ‘ಅದು ಬೇರೆ’ ಅಂದರು. ‘ಹೇಗೆ ಬೇರೆ?’ ಅಂದಳು. ಮಾತು ಅಲ್ಲಿಗೆ ನಿಂತಿತು.

ಹಚ್ಚೆಯ ಚರ್ಚೆ ಎಲ್ಲಿ ನಡೆದರೂ ಜಾಸ್ತಿ ಇಲ್ಲೇ ಸಿಕ್ಕಿಕೊಳ್ಳುತ್ತದೆ. ಒಬ್ಬರು 28 ತೋರಿಸುತ್ತಾರೆ, ಇನ್ನೊಬ್ಬರು 27 ತೋರಿಸುತ್ತಾರೆ, ಮೂರನೆಯವರು ಎರಡು ಬಗೆಯ ನೂಲು ಸೇರಿಸಿ ನೇಯ್ದ ಬಟ್ಟೆ ತೊಡಬಾರದೆನ್ನುವ 19ನೇ ವಚನ ತೆಗೆಯುತ್ತಾರೆ. ‘ಅದೆಲ್ಲ ಹಳೆ ಒಡಂಬಡಿಕೆ, ಮುಗಿದುಹೋಯಿತು’ ಅನ್ನುವುದು ಕೊನೆಯ ಬಾಣ. ಆದರೆ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವುದೂ ಅದೇ ಅಧ್ಯಾಯದ 18ನೇ ವಚನ. ಅದು ಮುಗಿದುಹೋಯಿತು ಅಂತ ಯಾರೂ ಹೇಳಲ್ಲ, ಅಲ್ವಾ? ಹಾಗಾಗಿ ಆ ಬಾಣವೂ ಗುರಿ ಮುಟ್ಟುವುದಿಲ್ಲ.

ಎರಡನೆಯ ತಪ್ಪು: ಪ್ರಸಂಗ

ಮುಂದಿನ ಭಾನುವಾರ ಅಯ್ಯನವರು 1 ಕೊರಿಂಥ 6ರಿಂದ ಪ್ರಸಂಗ ಮಾಡಿದರು. ನಿಮ್ಮ ದೇಹ ಪವಿತ್ರಾತ್ಮನ ಗರ್ಭಗುಡಿ, ನೀವು ಕ್ರಯಕ್ಕೆ ಕೊಳ್ಳಲ್ಪಟ್ಟವರು. ಯಾರ ಹೆಸರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ‘ಗರ್ಭಗುಡಿಯ ಗೋಡೆ ಮೇಲೆ ಗೀಚುತ್ತೀರಾ?’ ಅಂದಾಗ ತಲೆಗಳು ಒಂದೊಂದಾಗಿ ಅವಳ ಕಡೆ ತಿರುಗಿದ್ದನ್ನು ನಾನು ಹಿಂದಿನ ಸಾಲಿನಿಂದ ನೋಡಿದೆ. ಅವಳು ಕೊನೆಯ ಹಾಡಿನವರೆಗೂ ಎದ್ದು ಹೋಗಲಿಲ್ಲ. ಆದರೆ ಮುಂದಿನ ಎರಡು ತಿಂಗಳು ಬರಲಿಲ್ಲ.

ಅಯ್ಯನವರು ಕೆಟ್ಟವರಲ್ಲ. ಎದುರು ಕೂತು ಹೇಳಲು ಆಗದ್ದನ್ನು ಪೀಠದಿಂದ ಹೇಳಿದರೆ ಯಾರಿಗೂ ನೋವಾಗಲ್ಲ ಅಂತ ನಂಬಿದ್ದರು. ಆಮೇಲೆ ಅವಳ ಮನೆಗೆ ಹೋಗಿ ‘ಆ ದಿನ ನಾನು ಹಾಗೆ ಮಾಡಬಾರದಿತ್ತು’ ಅಂದರು. ಅವರ ಬಗ್ಗೆ ನನಗಿರುವ ಗೌರವ ಆ ಮಾತಿನಿಂದ ಹೆಚ್ಚಿತು.

ವಚನದ ಬಗ್ಗೆಯೂ ಒಂದು ಮಾತು. ಆ ಪತ್ರ ಬರೆದ ಅಪೊಸ್ತಲ ಪೌಲನು ಅಲ್ಲಿ ಹಚ್ಚೆಯ ವಿಚಾರ ಎತ್ತಿಲ್ಲ. ಸೂಳೆಯರ ಹತ್ತಿರ ಹೋಗುತ್ತಿದ್ದ ಕೊರಿಂಥದ ಕೆಲವರಿಗೆ ಹೇಳಿದ ಮಾತು ಅದು. ದೇಹದಿಂದ ಏನು ಮಾಡಿದರೂ ನಡೆಯುತ್ತದೆ, ಆತ್ಮ ಚೆನ್ನಾಗಿದ್ದರೆ ಸಾಕು ಅಂದುಕೊಂಡವರಿಗೆ, ಇಲ್ಲ, ಈ ದೇಹಕ್ಕೂ ಒಬ್ಬ ಒಡೆಯನಿದ್ದಾನೆ ಅನ್ನುತ್ತಾನೆ. ಹಾಗಂತ ಆ ವಚನಕ್ಕೂ ಹಚ್ಚೆಗೂ ಸಂಬಂಧವೇ ಇಲ್ಲ ಅನ್ನುವುದೂ ಸರಿಯಲ್ಲ. ಒಡೆಯ ಯಾರು ಅನ್ನುವ ಪ್ರಶ್ನೆ ಚರ್ಮಕ್ಕೂ ಅನ್ವಯಿಸುತ್ತದೆ. ಮಗಳ ಗೆಳತಿಯೊಬ್ಬಳು ‘ಸೊಲೊಮೋನನ ದೇವಾಲಯದ ಗೋಡೆಯಲ್ಲಿ ಕೆರೂಬಿ, ಖರ್ಜೂರದ ಮರ, ಹೂವು ಎಲ್ಲ ಕೆತ್ತಿದ್ದರಲ್ಲ’ ಅಂತ ವಾದ ಹೂಡಿದ್ದಳು. ಹೌದು, 1 ಅರಸುಗಳು 6ರಲ್ಲಿ ಇದೆ. ಕೆರೂಬಿ ಅಂದರೆ ರೆಕ್ಕೆಯುಳ್ಳ ದೇವದೂತ. ಜಾಣ ಮಾತು, ನಕ್ಕೆ ಕೂಡ. ಆದರೆ ಪೌಲನಿಗೆ ಗೋಡೆಯ ಚಿಂತೆ ಇರಲಿಲ್ಲ. ಒಳಗೆ ಯಾರಿದ್ದಾರೆ ಅನ್ನುವ ಚಿಂತೆ.

ನನ್ನ ಸರದಿ, ನನ್ನ ಸೋಲು

ಆಮೇಲೆ ನಾನು ಹೋದೆ. ಸ್ವಲ್ಪ ಓದಿಕೊಂಡಿದ್ದೇನೆ ಅನ್ನುವ ಜಂಬ ಇತ್ತು. ಯಾಜಕಕಾಂಡದ ಆ ಮಾತು ಸುತ್ತಲಿನ ಜನಾಂಗಗಳ ಶೋಕದ ಆಚರಣೆಗೆ ಸಂಬಂಧಿಸಿದ್ದು, ಸತ್ತವರಿಗಾಗಿ ಮೈ ಕೊಯ್ದುಕೊಳ್ಳುವ ಪದ್ಧತಿ ಇತ್ತು, ಅದಕ್ಕೇ ಬೇಡ ಅಂದದ್ದು, ಇಂದಿನ ಹಚ್ಚೆಗೆ ಅದನ್ನು ಸುಮ್ನೆ ಅಂಟಿಸಬಾರದು ಅಂತ ವಿವರಿಸಿದೆ. ಅವಳ ಪರವಾಗಿಯೇ ಮಾತಾಡುತ್ತಿದ್ದೇನೆ, ಖುಷಿಪಡುತ್ತಾಳೆ ಅಂದುಕೊಂಡೆ.

ಅವಳು ಕೇಳಿಸಿಕೊಂಡು ಹೇಳಿದಳು: ‘ಅಂಕಲ್, ನಾನೂ ಸತ್ತವರಿಗಾಗಿ ತಾನೇ ಹಾಕಿಸ್ಕೊಳ್ತಿರೋದು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಚ್ಚೆಯನ್ನು ಸಮರ್ಥಿಸುವವರೆಲ್ಲ ಬಳಸುವ ವಾದ ಅದು. ಫ್ಯಾಷನ್ನಿಗಾಗಿ ಹಾಕಿಸಿಕೊಳ್ಳುವವರಿಗೆ ಸರಿಹೋಗುತ್ತದೆ. ಆ ವಚನ ಯಾರ ಎದುರು ನಿಂತಿದೆಯೋ ಅಂಥವಳೇ ನನ್ನ ಎದುರು ಕೂತಿದ್ದಳು. ತೀರಿಕೊಂಡ ಅಪ್ಪ, ಸಾವಿನ ತಾರೀಖು, ಮುಳ್ಳು, ಚರ್ಮ. ಅವಳಿಗೆ ಅದು ಗೊತ್ತಿತ್ತು. ರಾತ್ರಿ ಕೂತು ಆ ವಚನವನ್ನು ನಮಗಿಂತ ಹೆಚ್ಚು ಸಲ ಓದಿದ್ದಳು. ಅಯ್ಯನವರಿಗೆ ಗಡ್ಡ ತೋರಿಸಿದ್ದು ಹಟದಿಂದಲ್ಲ, ಯಾರಾದರೂ ನಿಜವಾದ ಉತ್ತರ ಕೊಡುತ್ತಾರಾ ಅಂತ ನೋಡಿದ್ದು. ಇದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಎರಡು ವಾರ ನಾನು ಆ ಒಂದು ವಚನದ ಸುತ್ತ ಓದಿದೆ. ಹಚ್ಚೆ ಅಂತ ಅನುವಾದವಾಗಿರುವ ಇಬ್ರಿಯ (ಹೀಬ್ರೂ) ಪದ ಇಡೀ ಹಳೆ ಒಡಂಬಡಿಕೆಯಲ್ಲಿ ಅಲ್ಲೊಂದೇ ಕಡೆ ಬರುತ್ತದೆ. ಹಾಗಾಗಿ ಅದರ ಅರ್ಥವನ್ನು ಗಟ್ಟಿಯಾಗಿ ಹೇಳುವುದು ಕಷ್ಟ. ಶೋಕದ ಗುರುತು ಅನ್ನುವವರಿದ್ದಾರೆ. ಯಜಮಾನನ ಅಥವಾ ದೇವತೆಯ ಗುರುತು ಅನ್ನುವವರೂ ಇದ್ದಾರೆ. ಪ್ರಾಚೀನ ಬಾಬೆಲಿನಲ್ಲಿ ಇಷ್ತಾರ್ ದೇವತೆಯ ಗುಡಿಯ ಗುಲಾಮರ ಕೈಮೇಲೆ ನಕ್ಷತ್ರದ ಗುರುತು ಹಾಕುತ್ತಿದ್ದರು. ಯಾರ ಆಸ್ತಿ ಅಂತ ತಿಳಿಯಲು. ಇದನ್ನು ಮನಸ್ಸಲ್ಲಿಟ್ಟುಕೊಂಡು ಯೆಶಾಯ 44:5 ಓದಿದರೆ ಮೈ ಜುಮ್ಮೆನ್ನುತ್ತದೆ. ಅಲ್ಲೊಬ್ಬ ತನ್ನ ಕೈಮೇಲೆ ‘ಯೆಹೋವನವನು’ ಅಂತ ಬರೆದುಕೊಳ್ಳುತ್ತಾನೆ. ಇನ್ನು ಐದು ಅಧ್ಯಾಯ ಮುಂದೆ ದೇವರೇ, ನಿನ್ನನ್ನು ನನ್ನ ಅಂಗೈಗಳಲ್ಲಿ ಕೆತ್ತಿದ್ದೇನೆ ಅನ್ನುತ್ತಾನೆ.

ಧರ್ಮೋಪದೇಶಕಾಂಡ 14:1ರಲ್ಲಿ ಇದೇ ನಿಷೇಧ ಇನ್ನೊಮ್ಮೆ ಬರುತ್ತದೆ. ಹಚ್ಚೆಯ ಮಾತು ಅಲ್ಲಿಲ್ಲ. ಸತ್ತವರಿಗಾಗಿ ಗಾಯ ಮಾಡಿಕೊಳ್ಳಬೇಡಿ, ತಲೆ ಬೋಳಿಸಿಕೊಳ್ಳಬೇಡಿ ಅಂತ ಇದೆ. ಆದರೆ ಅಲ್ಲೊಂದು ಕಾರಣವೂ ಇದೆ: ನೀವು ನಿಮ್ಮ ದೇವರಾದ ಯೆಹೋವನ ಮಕ್ಕಳು. ನನಗೆ ಬಾಗಿಲು ತೆರೆದದ್ದು ಇಲ್ಲಿ. ಅಲ್ಲಿನ ಚಿಂತೆ ಶಾಯಿಯದ್ದಲ್ಲ, ದುಃಖಪಡಬಾರದು ಅಂತಲೂ ಅಲ್ಲ. ನಿನ್ನ ಮೈಯನ್ನು ಸಾವಿಗೆ ಬರೆದುಕೊಡಬೇಡ, ನೀನು ಬೇರೆಯವನ ಮಗು ಅಂತ ನನಗೆ ಕೇಳಿಸಿತು. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅಂತ ಪೌಲನು ಥೆಸಲೊನೀಕದವರಿಗೆ ಬರೆದದ್ದೂ ಇದೇ ದಾರಿಯಲ್ಲಿದೆ. ಅವನೂ ಅಳಬೇಡಿ ಅನ್ನಲಿಲ್ಲ.

ತಿರುವು

ಮತ್ತೆ ಹೋದೆ. ಈ ಸಲ ಪಾಠ ಮಾಡಲಿಲ್ಲ. ‘ನೀನು ಕೇಳಿದ್ದು ಸರಿ, ನನ್ನ ಹತ್ತಿರ ಉತ್ತರ ಇರಲಿಲ್ಲ’ ಅಂತ ಮೊದಲು ಹೇಳಿದೆ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ: ‘ಆ ತಾರೀಖು ಯಾಕೆ ಹಾಕಿಸ್ಕೋಬೇಕು ಅಂತಿದ್ದೀಯಮ್ಮಾ?’

‘ಮರೆತುಬಿಡ್ತೀನೇನೋ ಅಂತ ಭಯ.’

‘ಅಪ್ಪನ್ನ ಮರೆಯೋ ಭಯಾನಾ, ಆ ದಿನಾನ ಮರೆಯೋ ಭಯಾನಾ?’

ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಬೇರೆ ಏನೋ ಹೇಳತೊಡಗಿದಳು. ಆ ದಿನ ಅವಳು ಆಸ್ಪತ್ರೆಯಲ್ಲಿ ಇರಲಿಲ್ಲ. ಆಫೀಸಿನಲ್ಲಿ ಮೀಟಿಂಗ್ ಇತ್ತು, ಫೋನ್ ಸೈಲೆಂಟ್‌ನಲ್ಲಿತ್ತು. ಒಂಬತ್ತು ಮಿಸ್ಡ್ ಕಾಲ್. ಆ ತಾರೀಖು ನೆನಪಿಗೆ ಅಂತ ಬೇಕಾಗಿರಲಿಲ್ಲ ಅವಳಿಗೆ, ಶಿಕ್ಷೆಗೆ ಅಂತ ಬೇಕಾಗಿತ್ತು. ಇದನ್ನು ನಾನು ಹೇಳಲಿಲ್ಲ, ಅವಳೇ ಹೇಳಿದಳು. ‘ಅದನ್ನ ದಿನಾ ನೋಡ್ಬೇಕು ಅನ್ಸುತ್ತೆ ಅಂಕಲ್. ನೋಡದೆ ಇದ್ರೆ ತಪ್ಪಿಸ್ಕೊಂಡ ಹಾಗೆ.’

ಆ ಸಂಜೆಯೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಹುಡುಗಿ ಸೊರಗಿಹೋಗಿದ್ದಳು. ಕೇಳಿದರೆ ರಾತ್ರಿ ಮೂರು-ನಾಲ್ಕು ತಾಸು ನಿದ್ದೆ, ಊಟ ಒಂದು ಹೊತ್ತು. ಒಂದು ವರ್ಷದಿಂದ ಹೀಗೇ. ದೇಹ ಗರ್ಭಗುಡಿ ಅಂತ ಇಡೀ ಸಭೆಯ ಎದುರು ಅವಳಿಗೆ ಉಪದೇಶ ಮಾಡಿದ್ದೆವು. ಆ ದೇಹ ಊಟ ಮಾಡಿದೆಯಾ, ಮಲಗಿದೆಯಾ ಅಂತ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಇನ್ನೂ ಹಾಕಿಸದ ಹಚ್ಚೆಯೊಂದು ನಮಗೆ ಕಂಡಿತ್ತು, ಅವಳ ಕಣ್ಣ ಕೆಳಗಿನ ಕಪ್ಪು ಕಂಡಿರಲಿಲ್ಲ. ನಾನೂ ಮೊದಲ ಭೇಟಿಯಲ್ಲಿ ಯಾಜಕಕಾಂಡದ ವಿವರಣೆ ಕೊಟ್ಟು ಬಂದಿದ್ದೆ.

ಡಾಕ್ಟರ ಹತ್ತಿರ ಹೋಗಲು ಒಪ್ಪಿದಳು. ಹಿಮೋಗ್ಲೋಬಿನ್ ಕಡಿಮೆ ಇತ್ತು. ಹಚ್ಚೆಯ ವಿಷಯವನ್ನೂ ಅವಳೇ ಎತ್ತಿದಳಂತೆ. ಅವರು ಪಾಪ-ಪುಣ್ಯದ ಮಾತಾಡಲಿಲ್ಲ. ಮೊದಲು ಮೈ ಸರಿಮಾಡಿಕೊಳ್ಳಿ ಅಂದರು. ಹೊಸ ಸೂಜಿ ಬಳಸುತ್ತಾರಾ ನೋಡಿ, ಇಲ್ಲದಿದ್ದರೆ ಹೆಪಟೈಟಿಸ್ ಬಿ, ಸಿ ಹರಡುವ ಅಪಾಯ ಇದೆ ಅಂದರು. ಹಳೆಯ ಗಾಯಗಳು ಉಬ್ಬಿ ದಪ್ಪಗಾಗುವ ಚರ್ಮವಾ ಅಂತ ಕೇಳಿದರು, ಅಂಥವರು ಹಚ್ಚೆಯಿಂದ ದೂರ ಇರುವುದು ಒಳ್ಳೆಯದಂತೆ. ಲೇಸರ್‌ನಿಂದ ತೆಗೆಸಬಹುದು ಅನ್ನುವ ಧೈರ್ಯದ ಮೇಲೆ ಹಾಕಿಸಿಕೊಳ್ಳಬೇಡಿ, ವಾರಗಟ್ಟಲೆ ಅಂತರ ಬಿಟ್ಟು ಹಲವು ಸಲ ಮಾಡಿಸಬೇಕು, ಆಮೇಲೂ ಪೂರ್ತಿ ಹೋಗುತ್ತದೆ ಅಂತ ಇಲ್ಲ ಅಂದರು. ಅವರು ಹೇಳಿದ್ದರಲ್ಲಿ ನನಗೆ ಬೆರಗು ಹುಟ್ಟಿಸಿದ್ದು ಒಂದು: ಹಚ್ಚೆ ಉಳಿಯುವುದು ಶಾಯಿ ಸುಮ್ಮನೆ ಕೂತಿರುವುದರಿಂದ ಅಲ್ಲ. ಚರ್ಮದ ಎರಡನೆಯ ಪದರದಲ್ಲಿ ದೇಹದ ರಕ್ಷಕ ಕೋಶಗಳು ಆ ಬಣ್ಣವನ್ನು ನುಂಗಿ ಹಿಡಿದುಕೊಳ್ಳುತ್ತವೆ. ಒಂದು ಕೋಶ ಸತ್ತರೆ ಅದು ಬಿಟ್ಟ ಬಣ್ಣವನ್ನು ಇನ್ನೊಂದು ಎತ್ತಿಕೊಳ್ಳುತ್ತದೆ.

ಮೂರು ವಾರದ ನಂತರ ಅವಳಿಂದ ಮೆಸೇಜ್ ಬಂತು. ‘ತಾರೀಖು ಬೇಡ. ಮುಳ್ಳೂ ಬೇಡ.’ ಅಷ್ಟೇ.

ತಾಯಿಯ ಮಾತು

ಇಷ್ಟಾದರೂ ತಾಯಿ ಜಗ್ಗಲಿಲ್ಲ. ಅವರ ಮೊದಲ ಆಕ್ಷೇಪ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆ 13ರ ಮೃಗದ ಗುರುತು, ಅಂದರೆ ದೇವರ ವೈರಿಯ ಕಡೆಯವರಿಗೆ ಹಾಕುವ ಗುರುತು. ಬಲಗೈ ಮೇಲೋ ಹಣೆ ಮೇಲೋ ಹಾಕುವ ಆ ಗುರುತು ಆರಾಧನೆ ಯಾರಿಗೆ ಅನ್ನುವುದಕ್ಕೆ ಸಂಬಂಧಿಸಿದ್ದು, ಅದರ ಮರು ಅಧ್ಯಾಯದ ಮೊದಲ ವಚನದಲ್ಲೇ ಕುರಿಮರಿಯ, ಅಂದರೆ ಕ್ರಿಸ್ತನ, ಕಡೆಯವರ ಹಣೆ ಮೇಲೂ ಹೆಸರು ಬರೆದಿದೆ ಅಂತ ತೋರಿಸಿದೆ. ತಲೆಯಾಡಿಸಿದರು. ಮನಸ್ಸು ಒಪ್ಪಲಿಲ್ಲ. ಮಗಳು ‘ತಂದೆಯನ್ನು ಸನ್ಮಾನಿಸು ಅಂತಿದೆಯಲ್ಲ, ಅದಕ್ಕೇ ಮಾಡ್ತಿರೋದು’ ಅಂದಳು. ತಾಯಿ ತಟ್ಟನೆ, ‘ತಾಯಿಯನ್ನೂ ಅಂತ ಇದೆ’ ಅಂದರು. ಆ ವಾದದಲ್ಲಿ ಗೆದ್ದದ್ದು ತಾಯಿಯೇ, ನನ್ನ ಲೆಕ್ಕದಲ್ಲಿ.

ನಿಜವಾದ ಕಾರಣ ಹೊರಬಂದದ್ದು ಇನ್ನೊಂದು ದಿನ. ವಾದ ಮುಗಿದು ಎಲ್ಲರೂ ಸುಸ್ತಾಗಿದ್ದೆವು. ತಾಯಿ ತಮ್ಮ ಎಡಗೈಯ ಮಡಿಕೆ ಮೇಲೆ ಬಲಗೈ ಹೆಬ್ಬೆರಳಿನಿಂದ ಉಜ್ಜುತ್ತ ಕೂತಿದ್ದರು. ಹಾಗೇ ಹೇಳಿದರು: ‘ಕೊನೆಕೊನೆಗೆ ಅವರಿಗೆ ನರವೇ ಸಿಗ್ತಿರಲಿಲ್ಲ. ಚುಚ್ಚಿ ಚುಚ್ಚಿ ತೋಳೆಲ್ಲ ಕಪ್ಪಗಾಗಿತ್ತು. ಅವರ ಮೈ ಕೊನೆಗೆ ಒರೆಸಿದವಳು ನಾನು. ಈಗ ಇವಳು ಕಾಸು ಕೊಟ್ಟು ಸೂಜಿ ಚುಚ್ಚಿಸ್ಕೊಳ್ತೀನಿ ಅಂತಾಳೆ.’

ಮಗಳು ಈ ಮಾತನ್ನು ಮೊದಲ ಸಲ ಕೇಳುತ್ತಿದ್ದಳು. ನಾನು ಎದ್ದು ಹೊರಗೆ ಹೋಗಿ ನಿಂತೆ. ಆಮೇಲೆ ಒಳಗೆ ಏನು ನಡೆಯಿತೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ.

ಹಿರಿಯರ ಸಭೆ

ಅತ್ತ ಸಭೆಯವರ ಮಾತು ಬೇರೆಯೇ ದಾರಿ ಹಿಡಿದಿತ್ತು. ‘ಕ್ರೈಸ್ತರಲ್ಲಿ ಯಾವ ಕಾಲಕ್ಕೂ ಇದು ಇರಲಿಲ್ಲ’ ಅಂದರು ಒಬ್ಬರು. ಅದು ಸುಳ್ಳು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಬಲ ಮಣಿಕಟ್ಟಿನ ಒಳಬದಿಯಲ್ಲಿ ಪುಟ್ಟ ಶಿಲುಬೆ ಹಾಕಿಸಿಕೊಳ್ಳುತ್ತಾರೆ, ಮಕ್ಕಳಿಗೂ ಹಾಕಿಸುತ್ತಾರೆ. ಇಥಿಯೋಪಿಯಾದಲ್ಲಿ ಹಣೆ ಮೇಲೆ ಶಿಲುಬೆ ಇರುವವರಿದ್ದಾರೆ. ಜೆರುಸಲೇಮಿಗೆ ಹೋದ ಯಾತ್ರಿಕರು ಶತಮಾನಗಳಿಂದ ತೋಳಿನ ಮೇಲೆ ಯಾತ್ರೆಯ ಗುರುತು ಹಾಕಿಸಿಕೊಂಡು ಬಂದಿದ್ದಾರೆ, ಅದಕ್ಕೆ ಬಳಸುತ್ತಿದ್ದ ಮರದ ಅಚ್ಚುಗಳು ಇಂದಿಗೂ ಇವೆ. ಎಂಟನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ನಾರ್ಥಂಬ್ರಿಯಾದಲ್ಲಿ ಸೇರಿದ ಸಭಾ ಪರಿಷತ್ತು ಅನ್ಯರ ಪದ್ಧತಿಯ ಹಚ್ಚೆಯನ್ನು ಖಂಡಿಸಿತು, ದೇವರಿಗಾಗಿ ಹಾಕಿಸಿಕೊಂಡರೆ ಅದು ಬೇರೆ ಅಂತಲೂ ಹೇಳಿತು. 2018ರಲ್ಲಿ ಪೋಪ್ ಫ್ರಾನ್ಸಿಸ್ ಯುವಜನರ ಸಭೆಯೊಂದರಲ್ಲಿ ಹಚ್ಚೆ ಕಂಡು ಬೆದರಬೇಡಿ ಅನ್ನುವ ಅರ್ಥದ ಮಾತಾಡಿದರು. ಇನ್ನೊಂದು ಬದಿಯೂ ಇದೆ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 316ರ ಒಂದು ಕಾನೂನಿನಲ್ಲಿ ಅಪರಾಧಿಗಳ ಮುಖದ ಮೇಲೆ ಗುರುತು ಚುಚ್ಚಬಾರದು ಅಂದ. ಮುಖ ಸ್ವರ್ಗದ ಸೌಂದರ್ಯದ ಹೋಲಿಕೆಯಲ್ಲಿ ರೂಪುಗೊಂಡದ್ದು ಅನ್ನುವುದು ಅವನ ಕಾರಣ. ಕೈಗೂ ಮೀನಖಂಡಕ್ಕೂ ಹಾಕಬಹುದಂತೆ! ಮುಖಕ್ಕೆ ಮಾತ್ರ ಮರ್ಯಾದೆ, ಕಾಲಿಗೆ ಇಲ್ಲ. ದೇಹವನ್ನು ಗೌರವಿಸುವ ವಿಷಯದಲ್ಲಿ ನಾವೂ ಹೀಗೇ ಅರ್ಧಂಬರ್ಧ ಅಂತ ಅನಿಸಿತು.

ಇದೆಲ್ಲ ಹೇಳಿದ ಮೇಲೆ ಸಭೆ ಬದಲಾಯಿತಾ? ಇಲ್ಲ. ಇತಿಹಾಸ ಕೇಳಿ ಮನಸ್ಸು ಬದಲಿಸಿಕೊಂಡವರನ್ನು ನಾನು ಕಂಡಿಲ್ಲ. ‘ಯಾವ ಕಾಲಕ್ಕೂ ಇರಲಿಲ್ಲ’ ಅನ್ನುವ ಮಾತು ನಿಂತಿತು, ಅಷ್ಟೇ ಲಾಭ.

ಕೊನೆಗೆ ಕೆಲಸಕ್ಕೆ ಬಂದದ್ದು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ. ಏನು ತಿನ್ನಬೇಕು, ಯಾವ ದಿನ ದೊಡ್ಡದು ಅಂತ ಕಿತ್ತಾಡುತ್ತಿದ್ದವರಿಗೆ ಪೌಲನು, ಒಬ್ಬೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ ಅನ್ನುತ್ತಾನೆ. ತಿನ್ನುವವನು ತಿನ್ನದವನನ್ನು ಹೀನವಾಗಿ ಕಾಣಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡಬಾರದು. ಪೌಲನು ಅಲ್ಲಿ ಹೇಳುವ, ನಂಬಿಕೆಯಲ್ಲಿ ‘ಬಲಹೀನ’ ನಮ್ಮಲ್ಲಿ ಯಾರು ಅನ್ನುವುದರ ಮೇಲೆ ಒಂದು ಗಂಟೆ ಜಗಳವಾಯಿತು. ಎರಡೂ ಕಡೆಯವರಿಗೆ ಎದುರಿನವರೇ ಬಲಹೀನರು! ತೀರ್ಮಾನ ಇಷ್ಟಾಯಿತು: ಹಚ್ಚೆಯ ಬಗ್ಗೆ ಸಭೆ ಯಾವ ನಿಯಮವನ್ನೂ ಮಾಡುವುದಿಲ್ಲ. ಯಾರ ದೇಹದ ಬಗ್ಗೆಯೂ ಪೀಠದಿಂದ ಮಾತಾಡುವುದಿಲ್ಲ. ಅವಳು ಬಯಸಿದರೆ ತರಗತಿಗೆ ಮರಳಬಹುದು. ಜೊತೆಗೆ ಯಾರೋ, ‘ತರಗತಿಯಲ್ಲಿ ತುಂಬುತೋಳಿನ ಬಟ್ಟೆ ಹಾಕಿಕೊಳ್ಳಲಿ’ ಅಂತ ಸೇರಿಸಿದರು. ರಾತ್ರಿ ಹತ್ತಾಗಿತ್ತು, ಎಲ್ಲರೂ ಹೂಂ ಅಂದೆವು. ಅದೊಂದು ತಪ್ಪು.

ಆದದ್ದು

ಚಿತ್ರದ ಹಾಳೆ ತಾಯಿಗೆ ಸಿಕ್ಕ ಏಳು ತಿಂಗಳ ನಂತರ ಅವಳು ಹಚ್ಚೆ ಹಾಕಿಸಿಕೊಂಡಳು. ತೋಳಿನ ಒಳಬದಿಯಲ್ಲಿ, ಎರಡು ಬೆರಳಗಲ. ಹೆಸರಿಲ್ಲ, ತಾರೀಖಿಲ್ಲ, ಮುಳ್ಳಿಲ್ಲ. ಸತ್ಯವೇದದ ಮೊದಲ ಹಾಳೆಯ ಮೇಲೆ ತೆಳು ಕಾಗದ ಇಟ್ಟು, ಅಪ್ಪನ ಅಕ್ಷರವನ್ನು ಹಾಗೇ ತಿದ್ದಿ ತೆಗೆದದ್ದು: ‘ಹೆದರಬೇಡ’. ಹೋಗುವ ಮೊದಲು ತಾಯಿಗೆ ಹೇಳಿ ಹೋದಳು. ‘ನಾನು ಒಪ್ಪಲ್ಲ, ಜಗಳಾನೂ ಆಡಲ್ಲ’ ಅಂದರಂತೆ.

ನಾನಾಗಿದ್ದರೆ ಹಾಕಿಸಿಕೊಳ್ಳುತ್ತಿದ್ದೆನಾ? ಇಲ್ಲ. ಆದರೆ ಒಂದನ್ನು ಗಮನಿಸಿದ್ದೇನೆ. ಯಾಜಕಕಾಂಡದ ಆ ವಚನ ಹಚ್ಚೆಯನ್ನು ತಡೆಯಲಿಲ್ಲ, ಆದರೆ ಸುಮ್ಮನೆ ಹೋಗಲೂ ಇಲ್ಲ. ಸತ್ತ ದಿನವನ್ನು ಅವಳ ತೋಳಿನಿಂದ ಅಳಿಸಿದ್ದು ಅದೇ. ಆ ವಚನವನ್ನು ಅಯ್ಯನವರು ಬೇಲಿಯಾಗಿ ಬಳಸಿದರು, ನಾನು ಕಿತ್ತು ಪಕ್ಕಕ್ಕಿಟ್ಟೆ. ಅದನ್ನು ತನಗೇ ಹೇಳಿದ ಮಾತು ಅಂತ ಓದಿದವಳು ಅವಳೊಬ್ಬಳೇ.

ತುಂಬುತೋಳಿನ ನಿಯಮ ಮೂರನೇ ವಾರಕ್ಕೇ ಮುರಿಯಿತು. ಬೋರ್ಡ್ ಒರೆಸಲು ಕೈ ಎತ್ತಿದಾಗ ಬಟ್ಟೆಯ ತೋಳು ಜಾರಿ, ಒಬ್ಬ ಹುಡುಗ ‘ಮಿಸ್, ಅಲ್ಲೇನು ಬರ್ದಿದೆ?’ ಅಂದ. ಅವಳು ಓದಿ ಹೇಳಿದಳು. ‘ಮತ್ಯಾಕೆ ಮುಚ್ಕೊಂಡಿದೀರಾ?’ ಅಂದ. ಅದಕ್ಕೆ ಉತ್ತರ ನಮ್ಮ ಹತ್ತಿರವೂ ಇರಲಿಲ್ಲ. ಒಂದು ಮನೆಯವರು ತಮ್ಮ ಮಗುವನ್ನು ಬೇರೆ ತರಗತಿಗೆ ಕಳಿಸಿದರು, ಇಂದಿಗೂ ಅಲ್ಲೇ ಇದೆ. ಅವರ ಮನಸ್ಸಿಗೆ ಬಂದದ್ದನ್ನು ಮಾಡಲು ಅವರಿಗೂ ಹಕ್ಕಿದೆ, ರೋಮಾಪುರ 14 ಅವರಿಗೂ ಸೇರಿದ್ದು.

ಆಮೇಲೆ ಇಂಥದೇ ಇನ್ನೆರಡು ಮಾತು ನನ್ನ ಹತ್ತಿರ ಬಂದಿವೆ. ಈಗ ವಚನಕ್ಕೆ ಮೊದಲು ನಿದ್ದೆ, ಊಟ ಕೇಳುತ್ತೇನೆ. ಏನು ಬರೆಸುತ್ತೀ, ಯಾಕೆ ಅದೇ, ಯಾಕೆ ಅಲ್ಲೇ ಅಂತ ಕೇಳುತ್ತೇನೆ. ಮನೆಯವರು ಬೇಡ ಅಂದರೆ, ಅವರು ಹೇಳುವ ವಚನದ ಹಿಂದೆ ಏನಿದೆ ಅಂತ ಕಾಯುತ್ತೇನೆ. ಎಲ್ಲರಿಗೂ ಹೂಂ ಅಂದಿಲ್ಲ. ಮುರಿದುಬೀಳುತ್ತಿದ್ದ ಪ್ರೀತಿಯನ್ನು ಉಳಿಸಿಕೊಳ್ಳಲು ಹುಡುಗಿಯ ಹೆಸರನ್ನು ಕುತ್ತಿಗೆ ಮೇಲೆ ಬರೆಸಲು ಹೊರಟಿದ್ದ ಹುಡುಗನಿಗೆ ‘ಬೇಡ ಕಣಪ್ಪಾ’ ಅಂತ ನೇರವಾಗಿಯೇ ಹೇಳಿದೆ. ಅವನು ನನ್ನ ಮಾತು ಕೇಳಲಿಲ್ಲ.

ಈ ಮನೆಯ ವಿಷಯಕ್ಕೆ ಬಂದರೆ, ಹಚ್ಚೆ ಒಣಗುವ ಎರಡು-ಮೂರು ವಾರ ತಾಯಿ ಆ ಕಡೆ ನೋಡಲೇ ಇಲ್ಲವಂತೆ. ಮುಲಾಮು ಹಚ್ಚುವಾಗ ಎದ್ದು ಹೋಗುತ್ತಿದ್ದರು. ಒಂದು ಸಂಜೆ ಮಗಳು ಪಾತ್ರೆ ಒರೆಸುತ್ತಿದ್ದಾಗ ಹತ್ತಿರ ಬಂದು, ಕನ್ನಡಕ ಹಾಕಿಕೊಂಡು, ತೋಳನ್ನು ಬೆಳಕಿಗೆ ತಿರುಗಿಸಿ ನೋಡಿದರು.

‘ಅವರ ‘ಡ’ ಹೀಗಿರಲಿಲ್ಲ’ ಅಂದರು. ‘ಇನ್ನೂ ಸ್ವಲ್ಪ ಡೊಂಕು.’

ಮಗಳು ಒದ್ದೆ ಕೈಯಲ್ಲೇ ಹೋಗಿ ಸತ್ಯವೇದ ತಂದಳು.